ಲೈನ್ ಕಡೆ ಎಂದವರು

ಕಳೆದ ವಾರ ರಸ್ತೆ ಅಗಲ ಮಾಡಲೆಂದು ನಮ್ಮ ಮನೆಯೆದುರಿನ ಧರೆಯ ಮಣ್ಣುಗೋಡೆ ಕಡಿದರು. ಹಸಿಮಣ್ಣಿನ, ಹರಿದ ಬೇರುಗಳ ವಾಸನೆ ಜಗಲಿಯವರೆಗೂ ಬಂತು. ಕೂತಲ್ಲಿ ಕೂರಲಾಗಲಿಲ್ಲ. ಮಿಷನ್ ಸರ್ ನೆನಪಾದರು...

ಊರವರು ಅವರನ್ನು ಕರೆಯುತ್ತಿದ್ದುದೇ ಹಾಗೆ. ಇಂಜಿನಿಯರ್. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲ ಹೊಂಗಡಹಳ್ಳದ ನಮ್ಮ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದರು. ಜೊತೆಗೆ ಆಮೆಯಂಥ ಒಂದು ರೋಬೋ, ಊರವರ ಬಾಯಲ್ಲಿ 'ಮಿಷನ್ನು'. ಚಂದ್ರನ ಮೇಲೆ ಓಡಾಡುವ ಬಂಡಿಗೆಂದು ಅವರು ಬರೆದ ಸಾಫ್ಟ್‌ವೇರ್ ಅದರೊಳಗಿತ್ತು. ಯಾರೂ ಹೇಳಿಕೊಡದೆ ದಾರಿ ಹುಡುಕಿಕೊಂಡು, ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಅದೇ ತೂಗಿ ನೋಡುತ್ತಿತ್ತು. ನೆಟ್‌ವರ್ಕ್ ಸಿಗದ ನಮ್ಮ ಕಣಿವೆ ಅದನ್ನು ಪರೀಕ್ಷಿಸಲು ಹೇಳಿಮಾಡಿಸಿದಂತಿತ್ತು. ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸಂಜೆಯಾದರೆ ಬಂದು ಕೂರುತ್ತಿದ್ದ. "ಇದ್ಕೆ ಕಾಫಿ ಕುಯ್ಯಾಕೆ ಕಲ್ಸಿ ಸಾರ್, ಆಳಿನ ತಾಪತ್ರಯನೇ ಇರಲ್ಲ" ಎಂದು ಅವರನ್ನು ನಗಿಸುತ್ತಿದ್ದ. ಇಬ್ಬರಿಗೂ ಬಲು ಸ್ನೇಹ.

ಒಂದು ಬೆಳಿಗ್ಗೆ ಗುಡ್ಡ ಜಾರಿತು. ಎಸ್ಟೇಟಿನ ಸ್ಟೋರ್ ಒಂದು ಕಡೆ, ಕೂಲಿಯವರ ಲೈನ್ ಮನೆಗಳು ಇನ್ನೊಂದು ಕಡೆ, ಎರಡೂ ಮಣ್ಣಿನಡಿ ಹೋದವು. ಸ್ಟೋರಿನೊಳಗೆ ರೈಟರ್ ಇದ್ದ. ರಸ್ತೆ ಮುಚ್ಚಿತ್ತು, ಹೊರಗಿನಿಂದ ಯಾರೂ ಬರುವಂತಿರಲಿಲ್ಲ. ಇದ್ದದ್ದು ಒಂದೇ ಜೆಸಿಬಿ. ಸರ್ ಎರಡೂ ಕಡೆಯ ಸಂದುಗಳಲ್ಲಿ ರೋಬೋ ಬಿಟ್ಟು ನೋಡಿದರು. ಲ್ಯಾಪ್‌ಟಾಪಿನಲ್ಲಿ ಉತ್ತರ ಮೂಡಿತು: ಮೊದಲು ಲೈನ್, ಅಲ್ಲಿ ಜನ ಬದುಕಿರುವ ಸಂಭವ ಹೆಚ್ಚು. ಅವರು ಸ್ಟೋರ್ ಕಡೆಗೇ ನೋಡುತ್ತ ನಿಂತುಬಿಟ್ಟರು.

"ಯಾವ್ ಕಡೆ ಸಾರ್? ಬೇಗ ಹೇಳ್ರೀ!" ಜೆಸಿಬಿಯವನು ಕೂಗಿದ.

"ಲೈನ್ ಕಡೆ."

ಲೈನಿನಿಂದ ತಾಯಿ, ಮಗಳು ಜೀವಂತವಾಗಿ ಹೊರಬಂದರು. ತಾಯಿ ಕಾಲಿಗೆ ಬೀಳಲು ಹೋದಾಗ ಸರ್ ಹಿಂದೆ ಸರಿದರು. ನಾವು ಗುದ್ದಲಿ ಹಿಡಿದು ಸ್ಟೋರ್ ಕಡೆ ಬಗೆಯುತ್ತಲೇ ಇದ್ದೆವು, ಬಂಡೆ ಜಗ್ಗಲಿಲ್ಲ. ಜೆಸಿಬಿ ಅಲ್ಲಿಗೆ ಬರುವಾಗ ಹೊತ್ತು ಮುಳುಗುತ್ತಿತ್ತು. ಎತ್ತಿಕೊಂಡಾಗ ರೈಟರನ ಮೈ ಇನ್ನೂ ಬೆಚ್ಚಗಿತ್ತು... ಉಸಿರಿರಲಿಲ್ಲ.

ತಿಥಿಯ ದಿನ ರೈಟರನ ಹೆಂಡತಿ ಎಲ್ಲರೆದುರೇ ಕೇಳಿದಳು, "ನಿಮ್ ಮಿಷನ್ನು ನಮ್ಮೋರ್ನ ಬ್ಯಾಡ ಅಂದ್ಬುಡ್ತೇನ್ ಸಾರ್?"

ಸರ್ ಹೌದು ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಅದು ಸಲಹೆ ಕೊಡ್ತು ಅಷ್ಟೇ ಅಕ್ಕ. ಲೈನ್ ಕಡೆ ಅಂದೋನು ನಾನು."

ಅವಳ ತಮ್ಮ ಎದ್ದು ಸರ್ ಕಾಲರ್ ಹಿಡಿದ. "ಬುಡೋ ಅವ್ರನ್ನ" ಎಂದಷ್ಟೇ ಹೇಳಿ ಅವಳು ಒಳಗೆ ಹೋದಳು.

ಆಮೇಲೆ ಪ್ರತಿ ಮಳೆಗಾಲವೂ ಸರ್ ಒಮ್ಮೆ ಬರುತ್ತಿದ್ದರು. ಅವಳ ಜಗಲಿಯಲ್ಲಿ ಕೂರುತ್ತಿದ್ದರು. ಅವಳು ಕಾಫಿ ಕೊಡುತ್ತಿದ್ದಳು. ಕುಡಿದು, ಲೋಟ ತೊಳೆದಿಟ್ಟು ಹೊರಡುತ್ತಿದ್ದರು. ಈ ವರ್ಷ ಮಳೆ ಮುಗಿದರೂ ಬಂದಿರಲಿಲ್ಲ.

ಧರೆ ಕಡಿದ ದಿನ ಮನಸ್ಸು ತಡೆಯದೆ ಅವರಿಗೆ ಫೋನ್ ಮಾಡಿದೆ. ಅವರ ಅಕ್ಕ ಎತ್ತಿದರು. ಸರ್ ಬೇಸಿಗೆಯಲ್ಲೇ ಹೃದಯಾಘಾತವಾಗಿ ಹೋಗಿಬಿಟ್ಟರಂತೆ. ಕೆಲಸ ಎಂದೋ ಬಿಟ್ಟಿದ್ದರಂತೆ. ಮಳೆ ಹಿಡಿದರೆ ಮಲಗುತ್ತಲೇ ಇರಲಿಲ್ಲವಂತೆ, ಗೋಡೆಗೊರಗಿ ಕೂತೇ ಬೆಳಗು ಮಾಡುತ್ತಿದ್ದರಂತೆ...

ತಿಳಿಸಲೆಂದು ರೈಟರನ ಹೆಂಡತಿಯ ಬಳಿ ನಾನೇ ಹೋದೆ. ಕಣದಲ್ಲಿ ಕಾಫಿ ಹರವುತ್ತಿದ್ದಳು. ವಿಷಯ ಕೇಳಿ ಹರವುವ ಕೈ ನಿಂತಿತು.

"ಬರಬ್ಯಾಡಿ ಅಂತ ಒಂದಿನಾನೂ ಅನ್ನಲಿಲ್ಲ ಕಣಣ್ಣ ನಾನು" ಎಂದಳು. "ನಿಮ್ದೇನ್ ತಪ್ಪಿಲ್ಲ ಅಂತಾನೂ ಅನ್ನಲಿಲ್ಲ..."