ಹತ್ತು ಬುಟ್ಟಿಯ ಗುಮಾಸ್ತ

ಕಂದಾಯದ ಗುಮಾಸ್ತ ಲಿವೇರಿಸನನ್ನು ಉಕ್ಕು ಮೆಣಿಕಾ ಮೊದಲು ಕಂಡದ್ದು ಒಕ್ಕಣೆಯ ದಿನ. ಕಾಲಲ್ಲಿ ಜೋಡು, ತಲೆಯ ಮೇಲೆ ಬಿಚ್ಚಿದ ಕೊಡೆ, ಕಂಕುಳಲ್ಲಿ ಕಂದಾಯದ ಪುಸ್ತಕ. ಹಾಗೇ ನೆಟ್ಟಗೆ ಅವಳ ಕಣದ ನಡುಮಧ್ಯಕ್ಕೆ ನಡೆದು ಬಂದುಬಿಟ್ಟ.

ಕೋಣ ಹೊಡೆಯುತ್ತಿದ್ದವರು ನಿಂತರು. ಕೋಣಗಳೂ ನಿಂತವು. ಕಣದಲ್ಲಿ ಯಾರನ್ನೂ ಬೈಯುವ ಹಾಗಿಲ್ಲ, ಗಟ್ಟಿ ಮಾತು ಬಿದ್ದರೆ ಭತ್ತದ ಹುಲುಸು ಹೋಗುತ್ತದೆ. ಗಂಡಸರೆಲ್ಲ ಬಾಯಿ ಬಿಗಿಹಿಡಿದು ಅವನ ಜೋಡನ್ನೇ ನೋಡುತ್ತಾ ನಿಂತರು. ಹೆಂಗಸರು ಕಣ ತುಳಿಯುವಂತಿಲ್ಲವಾದ್ದರಿಂದ ಉಕ್ಕು ಮೆಣಿಕಾ ಊಟದ ಬುಟ್ಟಿ ಹಿಡಿದು ಬದುವಿನಾಚೆ ಇದ್ದಳು. ಅಲ್ಲಿಂದಲೇ, ಸಾಹೇಬರನ್ನು ಕರೆಯುವ ಮರ್ಯಾದೆಯ ಮಾತಲ್ಲಿ, ಮೆಲ್ಲಗೆ ಹೇಳಿದಳು:

"ಮಹತ್ತಯಾ, ಕೊಡೆ ಮಡಚಿ. ಜೋಡು ಕೈಗೆ ತಗೊಳ್ಳಿ. ಬಂದ ದಾರೀಲೇ ಹಿಂದಕ್ಕೆ ಹೋಗಿ, ಬೆನ್ನು ತಿರುಗಿಸಬೇಡಿ."

ಅವನು ಹೇಳಿದ ಹಾಗೇ ಮಾಡಿದ. ಹಿಂದಕ್ಕೆ ಹೆಜ್ಜೆ ಇಡುತ್ತಾ ಇಡುತ್ತಾ ಬರಿಗಾಲನ್ನು ಬಿಸಿ ಸಗಣಿಯಲ್ಲಿಟ್ಟ. ಕಣದಲ್ಲಿ ನಗಬಾರದು ಅಂತ ಮಾತ್ರ ಯಾರೂ ಕಟ್ಟಳೆ ಮಾಡಿರಲಿಲ್ಲ.

"ಕೆಳನಾಡಿನವರಲ್ವಾ, ಸಮುದ್ರ ಗೊತ್ತು, ಕಣ ಎಲ್ಲಿ ಗೊತ್ತು," ಅಂದ, ಅವನ ಜೊತೆ ಬಂದಿದ್ದ ಮುದಿಯಾನ್ಸೆ ಆರಚ್ಚಿ. ಊರಿನ ಮುಖ್ಯಸ್ಥ ಅವನು.

"ಗೊತ್ತಾಯ್ತಲ್ಲ ಈಗ. ಹಿಮ್ಮಡಿವರೆಗೂ ಗೊತ್ತಾಯ್ತು," ಅಂದ ಲಿವೇರಿಸ್, ಹುಲ್ಲಿಗೆ ಕಾಲು ಒರೆಸುತ್ತಾ. ದಪ್ಪ ಹೊಟ್ಟೆಯ ಮನುಷ್ಯ. ನಕ್ಕರೆ ಹೊಟ್ಟೆ ಮೊದಲು ನಗುತ್ತಿತ್ತು, ಮುಖ ಆಮೇಲೆ.

ಅವನು ಬಂದಿದ್ದ ಕೆಲಸ ನಗುವಂಥದ್ದಲ್ಲ. ಅದುವರೆಗೆ ಸರಕಾರದ ಹತ್ತನೇ ಪಾಲನ್ನು ಗುತ್ತಿಗೆದಾರ ಕಣದಲ್ಲೇ ಅಳೆದು ಒಯ್ಯುತ್ತಿದ್ದ. ಮುಂದೆ ಹಾಗಿಲ್ಲ. ಪ್ರತಿ ಗದ್ದೆಯೂ ಬಿತ್ತಿದ್ದಕ್ಕೆ ಎಷ್ಟು ಪಟ್ಟು ಕೊಡುತ್ತದೆ ಅಂತ ಒಂದು ಸಲ ಪುಸ್ತಕದಲ್ಲಿ ಬರೆದರೆ, ಮಳೆ ಬರಲಿ ಬಿಡಲಿ, ಬರೆದಷ್ಟಕ್ಕೆ ಕಂದಾಯ. ಕಟ್ಟದಿದ್ದರೆ ತಮಟೆ ಹೊಡೆಸಿ ಗದ್ದೆ ಹರಾಜು. ಗುಡ್ಡದಾಚೆಯ ಊರಲ್ಲಿ ಆಗಲೇ ಮೂರು ಗದ್ದೆ ಹೋಗಿದ್ದವು. ಉಕ್ಕು ಮೆಣಿಕಾಳಿಗೆ ಗಂಡ ಹೋಗಿ ಮೂರು ವರ್ಷ. ಇದ್ದದ್ದು ಇಪ್ಪತ್ತು ಬುಟ್ಟಿ ಬಿತ್ತುವ ಒಂದೇ ಗದ್ದೆ.

ಲಿವೇರಿಸ್ ಪುಸ್ತಕ ಬಿಚ್ಚಿದ. "ಇವರದ್ದು ಎಷ್ಟು ಪಟ್ಟು?"

"ಹದಿನಾರು," ಅಂದ ಆರಚ್ಚಿ, ಎಲೆ ಅಡಿಕೆ ಜಗಿಯುತ್ತಾ.

ಅವನದೇ ಗದ್ದೆ ಮೇಲ್ಗಡೆ, ಅದೇ ನೀರು, ಅದೇ ಮಣ್ಣು. ಅದಕ್ಕೆ ಬೆಳಿಗ್ಗೆ ಆರು ಪಟ್ಟು ಅಂತ ಬರೆಸಿದ್ದ. ಊರಿಗೆಲ್ಲ ಗೊತ್ತು, ಯಾರೂ ಉಸಿರೆತ್ತಲಿಲ್ಲ.

"ಎಂಟು," ಅಂದಳು ಉಕ್ಕು ಮೆಣಿಕಾ ಬದುವಿನಾಚೆಯಿಂದ.

"ಕಣದೊಳಗೆ ಕಾಲಿಡದೋಳು ಅಳತೆ ಹೇಳ್ತಾಳೆ ನೋಡಿ ಮಹತ್ತಯಾ! ಹದಿನಾರು ಪಟ್ಟು ಬಂದಿದ್ದನ್ನ ನಾನೇ ಕಣ್ಣಾರೆ ಕಂಡಿದೀನಿ."

"ಕಂಡಿದೀರಿ ಆರಚ್ಚಿ, ಸುಳ್ಳಲ್ಲ. ಒಂದು ವರ್ಷ. ನನ್ನ ಕಣಜದಲ್ಲಿ ಆ ವರ್ಷವೂ ಇದೆ, ಉಳಿದ ಎಂಟು ವರ್ಷವೂ ಇದೆ."

ಮನೆಯ ಹಿಂದೆ ಕಲ್ಲುಗಳ ಮೇಲೆ ಕೂತಿತ್ತು ಆ ಕಣಜ. ಬೆತ್ತ ಹೆಣೆದು ಮಣ್ಣು ಮೆತ್ತಿದ್ದು, ಆಳೆತ್ತರಕ್ಕಿಂತ ಎತ್ತರ, ಮೇಲೆ ಹುಲ್ಲಿನ ಟೋಪಿ. ಒಳಗೆ ನಡುವೆ ಒಂದು ಬೈನೆ ಮರದ ಗೂಟ. ಅವಳಿಗೆ ಬರುತ್ತಿದ್ದದ್ದು ತನ್ನ ಹೆಸರಿನ ಅಕ್ಷರಗಳಷ್ಟೇ. ಆದರೆ ಪ್ರತಿ ಸುಗ್ಗಿಯಲ್ಲೂ ಖಾಲಿ ಕಣಜಕ್ಕೆ ಭತ್ತ ಸುರಿದು, ಕೈಯಲ್ಲಿ ಸಮ ಮಾಡಿ, ಅದು ಮುಟ್ಟಿದ ಮಟ್ಟಕ್ಕೆ ಅಡಕತ್ತರಿಯಿಂದ ಗೂಟದ ಮೇಲೆ ಒಂದು ಗೆರೆ ಕೊರೆಯುತ್ತಿದ್ದಳು. ಒಂಬತ್ತು ಸುಗ್ಗಿ, ಒಂಬತ್ತು ಗೆರೆ.

"ನಿನ್ನೆ ಕೊರೆದಿರ್ತಾಳೆ," ಅಂದ ಆರಚ್ಚಿ.

"ನೋಡಿದ್ರೆ ಗೊತ್ತಾಗತ್ತೆ," ಅಂದ ಲಿವೇರಿಸ್. "ಏಣಿ ತನ್ನಿ."

ಹುಲ್ಲಿನ ಟೋಪಿ ಎತ್ತಿ ಕೋಲಿನ ಆಸರೆ ಕೊಟ್ಟರು. ಲಿವೇರಿಸ್ ಕೋಟು ತೆಗೆದಿಟ್ಟು ಏಣಿ ಹತ್ತಿದ, ಕಾಲು ಇಳಿಬಿಟ್ಟ, ಕಣಜದ ಬಾಯಲ್ಲಿ ಹೊಟ್ಟೆ ಸಿಕ್ಕಿಕೊಂಡಿತು. ಮೇಲೂ ಬರಲೊಲ್ಲದು, ಕೆಳಗೂ ಹೋಗಲೊಲ್ಲದು.

"ಉಸಿರು ಬಿಡಿ ಮಹತ್ತಯಾ!"

"ಬಿಟ್ಟಾಯ್ತು ಅಕ್ಕಾ, ಇನ್ನು ಬಿಟ್ರೆ ಪ್ರಾಣಾನೇ ಬಿಡಬೇಕು!"

ಉಕ್ಕು ಮೆಣಿಕಾ ಕೊಬ್ಬರಿ ಎಣ್ಣೆಯ ಗಿಂಡಿ ತಂದುಕೊಟ್ಟಳು. ಗಂಡಸರಿಬ್ಬರು ಸುತ್ತಲೂ ಹಚ್ಚಿ ಭುಜ ಒತ್ತಿದರು. ದೊಪ್ಪನೆ ಸದ್ದಾಯಿತು. ಸ್ವಲ್ಪ ಹೊತ್ತು ಕೆಮ್ಮು, ಆಮೇಲೆ ಒಳಗಿನಿಂದ ಬಾವಿಯಲ್ಲಿ ಮಾತಾಡಿದಂಥ ದನಿ: "ಒಂಬತ್ತಿವೆ. ಎಲ್ಲ ಕಪ್ಪಾಗಿವೆ, ಭತ್ತ ಉಜ್ಜಿ ನುಣ್ಣಗಾಗಿವೆ. ಒಂದು ಮೇಲಕ್ಕೆ ಹಾರಿದೆ. ಎರಡು ತಳದಲ್ಲಿ ಬಿದ್ದಿವೆ. ಉಳಿದ ಆರು ಒಂದೇ ಕಡೆ ಗುಂಪು ಕಟ್ಟಿವೆ. ಆದ್ರೆ ಗೆರೆ ಅಂದ್ರೆ ಎಷ್ಟು ಬುಟ್ಟಿ ಅಂತ ಬರೀಲಿ?"

"ಅಳೆದು ಸುರಿಯೋಣ. ಇವತ್ತಿನ ಭತ್ತ ಇದೆಯಲ್ಲ," ಅಂದಳು ಅವಳು.

ಅವನನ್ನು ಹೊರಗೆಳೆಯಲು ಮತ್ತೆ ಎಣ್ಣೆ ಯಾರು ತರುತ್ತಾರೆ? ಅವನು ಒಳಗೇ ಇರಲಿ, ಗೆರೆ ಮುಟ್ಟಿದಾಗ ಕೂಗಲಿ ಅಂತಾಯಿತು. ಕಣದಿಂದ ಭತ್ತ ಬಂತು. ಮೊದಲ ಬುಟ್ಟಿಗೆ ಒಂದು ಅನ್ನದೆ ಲಾಭ ಅಂದರು, ಆಮೇಲೆ ಎರಡು, ಮೂರು. ದೂಳೆದ್ದಿತು. ಒಳಗಿನವನು ಸೀನಿದ. ಮೊಣಕಾಲು ಮುಚ್ಚಿತು, ತೊಡೆ ಮುಚ್ಚಿತು, ಸೊಂಟ ಮುಚ್ಚಿತು. "ತುರಿಸ್ತಿದೆ, ಕೈ ಎಟುಕ್ತಿಲ್ಲ!" ಅಂತ ಅವನು ಕೂಗಿದರೆ ಊರೇ ಹೊಟ್ಟೆ ಹಿಡಿದುಕೊಂಡಿತು. ನೂರ ಮೂವತ್ತನಾಲ್ಕನೇ ಬುಟ್ಟಿಗೆ, "ಸಾಕು! ಆರು ಗೆರೆಯ ನಡುವಿಗೆ ಬಂತು!"

"ನೂರ ಮೂವತ್ತನಾಲ್ಕು," ಅಂದ ಲಿವೇರಿಸ್. "ಏಳು ಪಟ್ಟೂ ಆಗ್ಲಿಲ್ಲ. ಆರಚ್ಚಿ, ಎಲ್ಲಿ ನಿಮ್ಮ ಹದಿನಾರು?"

ಆರಚ್ಚಿ ಎಲೆ ಉಗಿಯಲು ಆಚೆ ಹೋದ. ಅಲ್ಲಿಗೇ ಬಿಟ್ಟಿದ್ದರೆ ಲಿವೇರಿಸ್ ಆರೂ ಮುಕ್ಕಾಲು ಅಂತ ಬರೆಯುತ್ತಿದ್ದ, ಬದುಕಿರುವವರೆಗೆ ಅವಳಿಗೆ ಹಗುರ. ಉಕ್ಕು ಮೆಣಿಕಾ ಏಣಿ ಹತ್ತಿ ಒಳಗೆ ಬಗ್ಗಿ ನೋಡಿದಳು. ಮನಸ್ಸಿಗೆ ಸರಿಬರಲಿಲ್ಲ.

"ಮಹತ್ತಯಾ, ಬರೀಬೇಡಿ. ತಪ್ಪಾಗಿದೆ."

"ಏನು ತಪ್ಪು?"

"ನೀವೇ. ನಾನು ಗೆರೆ ಹಾಕುವಾಗ ನೀವು ಒಳಗಿರ್ಲಿಲ್ಲ. ನಿಮ್ಮ ಕಾಲು, ಸೊಂಟ, ಅಷ್ಟೂ ಜಾಗ ಭತ್ತದ್ದು."

ಕಣಜದ ಒಳಗಿನಿಂದ ಎಂಥ ನಗು ಎದ್ದಿತೆಂದರೆ ಮೆತ್ತಿದ ಮಣ್ಣು ಉದುರಿತು. ಹಗ್ಗ ಬಿಟ್ಟು, ಎಣ್ಣೆ ಸುರಿದು, ನಾಲ್ವರು ಜಗ್ಗಿ ಅವನನ್ನು ಕಿತ್ತರು. ಭತ್ತ ಕುಸಿಯಿತು. ಅವಳೇ ಕೈಯಿಂದ ಸಮ ಮಾಡಿ ಮತ್ತೆ ಸುರಿಸಿದಳು. ಗೆರೆ ಮುಟ್ಟಲು ಸರಿಯಾಗಿ ಹತ್ತು ಬುಟ್ಟಿ ಹಿಡಿಯಿತು.

"ನೂರ ನಲವತ್ತನಾಲ್ಕು. ಇದು ಒಂಬತ್ತು ಪಾಲು ಮಾತ್ರ," ಅಂದಳು. "ಹತ್ತನೇದು ಕಣದಲ್ಲೇ ಹೋಗ್ತಿತ್ತು. ಅದನ್ನೂ ಸೇರಿಸಿ."

ಅವನು ಸೇರಿಸಿದ. ನೂರ ಅರವತ್ತು. ಬಿತ್ತಿದ್ದು ಇಪ್ಪತ್ತು. ಎಂಟೇ ಪಟ್ಟು. ಕಿವಿಯಿಂದ ಭತ್ತ ಕೊಡವಿಕೊಳ್ಳುತ್ತಾ ಪುಸ್ತಕದಲ್ಲಿ ಎಂಟು ಅಂತ ಬರೆದ. ಅದರ ಹಿಂದಿನ ಹಾಳೆ ತಿರುವಿ, ಆರಚ್ಚಿಯ ಆರು ಪಟ್ಟಿನ ಮೇಲೆ ಬೆರಳಿಟ್ಟ. "ಆರಚ್ಚಿ, ನಿಮ್ಮ ಮನೇಲೂ ಕಣಜ ಇರ್ಬೇಕಲ್ಲ. ನಾಳೆ ಇಳೀತೀನಿ."

"ಬೇಡ ಬೇಡ," ಅಂದ ಆರಚ್ಚಿ. "ನಂದು ಹಳೇದು, ಒಡೆದುಹೋಗತ್ತೆ. ಎಂಟು ಅಂತ ಬರ್ಕೊಳ್ಳಿ."

ಹೊಳೆಯಲ್ಲಿ ಮಿಂದು ಬಂದ ಲಿವೇರಿಸನಿಗೆ ಹೊಸ ಅಕ್ಕಿಯ ಹಾಲನ್ನ ಬಡಿಸಿದಳು. ಮೂರು ಸಲ ಹಾಕಿಸಿಕೊಂಡು, "ಹನ್ನೊಂದು ಬುಟ್ಟಿ ಆದೆ ಅಕ್ಕಾ," ಅಂದ.

ಅವನ ಹೆಸರು ಅಂದಿಗೇ ಅಳಿಸಿಹೋಯಿತು. ಸುತ್ತಲ ಏಳೂರಲ್ಲಿ ಅವನು ಹತ್ತು ಬುಟ್ಟಿ ಮಹತ್ತಯಾ. ಕರೆದವರ ಮೇಲೆ ಸಿಟ್ಟಾಗಲಿಲ್ಲ, ತಾನೇ ಹೇಳಿಕೊಳ್ಳುತ್ತಿದ್ದ. ದಕ್ಷಿಣದ ಕರಾವಳಿಯ ದಾಲ್ಚಿನ್ನಿ ಚಕ್ಕೆ ಸುಲಿಯುವವನ ಮಗ, ಪಾದ್ರಿಗಳ ಶಾಲೆಯಲ್ಲಿ ಕಲಿತವನು. ಅಕ್ಷರ ಇರುವೆ ಸಾಲಿನಷ್ಟು ಸಣ್ಣ. ಆಮೇಲೆ ಯಾವ ಊರಿಗೆ ಹೋದರೂ ಮುಖ್ಯಸ್ಥನ ಮಾತು ಬರೆಯುವ ಮುಂಚೆ ಮನೆಯ ಹಿತ್ತಿಲಿಗೆ ಹೋಗಿ ಹೆಂಗಸರನ್ನು ಕೇಳುತ್ತಿದ್ದ. ಗೋಡೆಯ ಮೇಲಿನ ಸುಣ್ಣದ ಬೊಟ್ಟು, ಹಗ್ಗದ ಗಂಟು, ಹರಳು ತುಂಬಿದ ಚಿಪ್ಪು, ಎಲ್ಲವನ್ನೂ ಕೂತು ಓದಿದ. ಮೇಲಿನ ದೊರೆ ತಡವಾಯಿತೆಂದು ಎರಡು ಸಲ ಸಂಬಳ ಹಿಡಿದ. ಇವನು ನಿಧಾನ ಬಿಡಲಿಲ್ಲ. ಜೋಡನ್ನು ಮಾತ್ರ ಊರಿನ ಹೊರಗೇ ಬಿಡುತ್ತಿದ್ದ.

ಪ್ರತಿ ಹೊಸವರ್ಷಕ್ಕೆ ಒಣಮೀನಿನ ಕಟ್ಟು ಹಿಡಿದು ಬಂದು, ಅವಳು ಕರಿದ ಬೆಲ್ಲದ ಕಜ್ಜಾಯ ತಿಂದು ಹೋಗುತ್ತಿದ್ದ. ಹಾಗೆ ಹದಿನೈದು ವರ್ಷ. ಭತ್ತದ ಕಂದಾಯವನ್ನೇ ಸರಕಾರ ತೆಗೆದುಹಾಕಿದ ವರ್ಷವೂ ಬಂದ. ಕೆಲಸ ಹೋಗಿತ್ತು, ಜ್ವರ ಬಂದು ಮೈ ಇಳಿದಿತ್ತು, ಷರಟು ಬೇರೆಯವರದ್ದೇನೋ ಅನ್ನುವ ಹಾಗಿತ್ತು. ನಗು ಮಾತ್ರ ಇನ್ನೂ ಹೊಟ್ಟೆಯಿಂದಲೇ ಬರುತ್ತಿತ್ತು. ಏಳು ಕಜ್ಜಾಯ ತಿಂದ. ಹೊರಡುವ ಮುಂಚೆ ಹಿತ್ತಿಲಿಗೆ ಹೋಗಿ ಕಣಜಕ್ಕೆ ಒಂದು ಸುತ್ತು ಹಾಕಿ, ಬಾಯಿಯ ಅಗಲವನ್ನು ಗೇಣಿನಲ್ಲಿ ಅಳೆದ, ತನ್ನ ಸೊಂಟವನ್ನೂ ಅಳೆದ. ಅಂಗಳದಲ್ಲಿ ನಿಂತಿದ್ದ ಉಕ್ಕು ಮೆಣಿಕಾಳ ಕಡೆ ತಿರುಗಿ ಕೇಳಿದ:

"ಸರಿಯಾಗಿ ನೋಡಿ ಹೇಳಿ ಅಕ್ಕಾ, ಈಗ ನಾನು ಎಷ್ಟು ಬುಟ್ಟಿ ಇರಬಹುದು?"