ಖಾಲಿ ಬಾಟಲಿಯಲ್ಲಿ ಸಿಕ್ಕ ಜಿಂಕ್

ಒಂದು ಕಡೆ ಸುಮ್ಮನೆ ಕೂರುವುದೆಂದರೆ ಏನೆಂದು ಆಕೆಗೆ ಗೊತ್ತೇ ಇರಲಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಇಳಿಯುವುದಕ್ಕೆ ಮೂರು ಸ್ಟಾಪ್ ಮುಂಚೆಯೇ ಎದ್ದು ಬಾಗಿಲ ಬಳಿ ನಿಲ್ಲುತ್ತಿದ್ದಳು. ಟೀವಿ ನೋಡುವಾಗಲೂ ಏನಾದರೊಂದನ್ನು ಒರೆಸುತ್ತಿರಬೇಕು. "ಇವಳು ಕೂತಿದ್ದನ್ನ ನಾನು ನೋಡಿರೋದು ಮದುವೆ ಫೋಟೋದಲ್ಲಿ ಮಾತ್ರ. ಅದರಲ್ಲೂ ಇನ್ನೇನು ಎದ್ದೇಳೋ ಹಾಗೇ ಇದಾಳೆ" ಎಂದು ಅವಳ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು.

ಕೆಲಸದ ಜಾಗದಲ್ಲಿ ಎಲ್ಲರಿಗೂ ಆಕೆ ಬಾಟಲಕ್ಕ. ಇಪ್ಪತ್ತೆರಡು ವರ್ಷದಿಂದ ಒಂದು ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಬಾಟಲಿ ತೊಳೆಯುತ್ತಿದ್ದಳು. ಅದಕ್ಕೂ ಮುಂಚೆ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಅಲ್ಲಿ ಕಣ್ಣಿಗೆ ಕಾಣುವ ಕೊಳೆ, ಇಲ್ಲಿ ಕಾಣದ ಕೊಳೆ, ಅಷ್ಟೇ ವ್ಯತ್ಯಾಸ ಎನ್ನುತ್ತಿದ್ದಳು. ಹೆಬ್ಬೆರಳಿನಷ್ಟು ಗಾತ್ರದ ಪ್ಲಾಸ್ಟಿಕ್ ಬಾಟಲಿಗಳವು. ಒಂದು ದಿನವಿಡೀ ತೆಳು ಆಸಿಡ್‌ನಲ್ಲಿ ನೆನೆಹಾಕಬೇಕು, ವಿಶೇಷವಾಗಿ ಶುದ್ಧ ಮಾಡಿದ ನೀರಿನಲ್ಲಿ ಮೂರು ಸಲ ಜಾಲಿಸಬೇಕು, ಸೋಸಿದ ಗಾಳಿ ಬೀಸುವ ಗಾಜಿನ ಗೂಡಿನೊಳಗೆ ಬೋರಲು ಹಾಕಿ ಒಣಗಿಸಿ ಮುಚ್ಚಳ ಬಿಗಿಯಬೇಕು. ದಿನಕ್ಕೆ ಇನ್ನೂರು ಬಾಟಲಿ.

ಆ ಪ್ರಯೋಗಾಲಯ ದೊಡ್ಡ ಮೇಡಂ ಅವರದು. ಒಂದೇ ಹನಿ ರಕ್ತದಲ್ಲಿ ಯಾವ ಯಾವ ಲೋಹ ಎಷ್ಟೆಷ್ಟಿದೆ ಎಂದು ಅಳೆಯುವ ವಿಧಾನವನ್ನು ಪಳಗಿಸಿದವರಲ್ಲಿ ಅವರೂ ಒಬ್ಬರು. ಮುಂಚೆ ಅದಕ್ಕೆ ಸಿರಿಂಜ್ ತುಂಬ ರಕ್ತ ಬೇಕಾಗುತ್ತಿತ್ತು. ಹೊರದೇಶದ ವಿಜ್ಞಾನಿಗಳು ಅವರ ಯಂತ್ರ ನೋಡಲು ಬಂದಾಗ ಬಾಟಲಕ್ಕ ಬಾಗಿಲ ಸಂದಿಯಿಂದ ಇಣುಕುತ್ತಿದ್ದಳು. ಹನಿಯನ್ನು ಸೂರ್ಯನ ಮೈಗಿಂತ ಬಿಸಿಯಾದ ಜ್ವಾಲೆಗೆ ಬಿಟ್ಟು, ಚೂರುಚೂರಾದ ಕಣಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ಯಂತ್ರ ಅದು. ಕೆಲಸಕ್ಕೆ ಸೇರಿದ ದಿನ ದೊಡ್ಡ ಮೇಡಂ ಅವಳಿಗೆ ಹೇಳಿದ್ದು ಇಷ್ಟು: "ಈಜುಕೊಳಕ್ಕೆ ಒಂದು ಚಿಟಿಕೆ ಜಿಂಕ್ ಪುಡಿ ಹಾಕಿ ಕಲಸಿದ್ರೂ ಇದಕ್ಕೆ ಗೊತ್ತಾಗತ್ತೆ. ಹಾಗಾಗಿ ನೀವು ಹೇಗೆ ತೊಳೀತೀರಿ ಅನ್ನೋದರ ಮೇಲೆ ನನ್ನ ಲೆಕ್ಕ ನಿಂತಿದೆ."

ಬಾಟಲಕ್ಕ ಸೇರಿದ ಇಪ್ಪತ್ತೆರಡನೆಯ ವರ್ಷ ಚಿಕ್ಕ ಮೇಡಂ, ಅಂದರೆ ದೊಡ್ಡ ಮೇಡಂ ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಮೂವತ್ತರ ಹೆಂಗಸು, ಹಸುಗೂಸುಗಳ ಹಿಮ್ಮಡಿಯಿಂದ ತೆಗೆದ ಹನಿರಕ್ತದಲ್ಲಿ ಜಿಂಕ್ ಅಳೆಯುತ್ತಿದ್ದಳು. ಜಿಂಕ್ ಕಡಿಮೆಯಾದ ಕೂಸು ಸರಿಯಾಗಿ ಬೆಳೆಯುವುದಿಲ್ಲ, ಪದೇ ಪದೇ ಕಾಯಿಲೆ ಬೀಳುತ್ತದೆ. ಮೊದಲೇ ಗೊತ್ತಾದರೆ ಔಷಧಿಯಿಂದ ಸರಿಮಾಡಬಹುದು. ಆರು ವಾರದ ಫಲಿತಾಂಶ ನೋಡಿದರೆ ಆ ಆಸ್ಪತ್ರೆಯ ಕೂಸುಗಳಿಗೆಲ್ಲ ಜಿಂಕ್ ಧಾರಾಳವಾಗಿತ್ತು. ಇನ್ನು ಹತ್ತು ದಿನಕ್ಕೆ ಚಿಕ್ಕ ಮೇಡಂ ಇದನ್ನು ದೊಡ್ಡ ದೊಡ್ಡ ವಿಜ್ಞಾನಿಗಳ ಸಭೆಯಲ್ಲಿ ಓದಬೇಕಿತ್ತು.

ಆಗಲೇ ಒಂದು ಸೋಮವಾರ 'ಖಾಲಿ' ಕೈಕೊಟ್ಟಿತು.

ರಕ್ತದ ಬಾಟಲಿಗಳ ಪ್ರತಿ ಕಂತಿನ ಜೊತೆ, ರಕ್ತ ಹಾಕದೆ ಬರೀ ಶುದ್ಧ ನೀರು ತುಂಬಿದ ಒಂದು ಬಾಟಲಿಯನ್ನೂ ಯಂತ್ರಕ್ಕೆ ಕೊಡುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ಖಾಲಿ. ಅದರಲ್ಲಿ ಯಂತ್ರಕ್ಕೆ ಏನೂ ಸಿಗಬಾರದು. ಅವತ್ತು ಜಿಂಕ್ ಸಿಕ್ಕಿತು, ಅದೂ ಕೂಸಿನ ರಕ್ತದಲ್ಲಿರುವಷ್ಟೇ. ಮಂಗಳವಾರ ಇರಲಿಲ್ಲ. ಬುಧವಾರ ಮತ್ತೆ ಬಂತು.

ಪ್ರಯೋಗಾಲಯವೆಲ್ಲ ತಲೆಕೆಳಗಾಯಿತು. ನೀರಿನ ಫಿಲ್ಟರ್ ಬಿಚ್ಚಿದರು, ಹೊಸ ಆಸಿಡ್ ತೆರೆದರು, ಚಾವಣಿಯ ಗಾಳಿಕಿಂಡಿ ಒರೆಸಿದರು. ಬಾಟಲಕ್ಕ ಎಲ್ಲರಿಗಿಂತ ಹೆಚ್ಚು ಓಡಾಡಿದಳು. ತೊಳೆದದ್ದನ್ನೇ ಮತ್ತೆ ತೊಳೆದಳು. "ಬಾಟಲಿ ತೊಳೆಯೋದ್ರಲ್ಲೇ ಏನಾದ್ರೂ ಆಗಿದೆಯಾ?" ಎಂದು ಯಾರೋ ಕೇಳಿದಾಗ ಚಿಕ್ಕ ಮೇಡಂ ತಲೆ ಎತ್ತದೆ, "ಅಕ್ಕನ ಕೆಲಸದ ಬಗ್ಗೆ ಮಾತಾಡಬೇಡಿ. ಅದು ಬಿಟ್ಟು ಬೇರೆ ಹುಡುಕಿ" ಎಂದಳು.

ಗುರುವಾರ ದೊಡ್ಡ ಮೇಡಂ ಬಂದು ಎಲ್ಲರನ್ನೂ ನಿಲ್ಲಿಸಿಕೊಂಡು, ಜಿಂಕ್ ಎಲ್ಲೆಲ್ಲಿಂದ ಬರಬಹುದು ಎಂದು ಬೆರಳು ಮಡಿಚುತ್ತ ಹೇಳಿದರು. "ರಬ್ಬರು, ಗೋಡೆ ಬಣ್ಣ, ತಲೆಹೊಟ್ಟಿನ ಶಾಂಪೂ, ಮುಖಕ್ಕೆ ಹಚ್ಕೊಳೋ ಪೌಡರು, ಚರ್ಮಕ್ಕೆ ಹಚ್ಚೋ ಮುಲಾಮು..."

ಕೊನೆಯ ಮಾತು ಕೇಳಿ ಬಾಟಲಕ್ಕ ತನ್ನ ಕೈ ನೋಡಿಕೊಂಡಳು.

ಮಗಳು ಹೆರಿಗೆಗೆ ಬಂದು, ಮೂರು ತಿಂಗಳಿದ್ದು ಹೋಗಿದ್ದಳು. ಹೋಗುವಾಗ ಮಗುವಿನ ತೊಡೆಸಂದಿಗೆ ಹಚ್ಚುತ್ತಿದ್ದ ಬಿಳಿ ಮುಲಾಮಿನ ಟ್ಯೂಬೊಂದು ಬಚ್ಚಲಮನೆಯ ಗೂಡಿನಲ್ಲಿ ಉಳಿದಿತ್ತು. ಇಡೀ ದಿನ ಕೈಗವಸಿನೊಳಗೆ ಬೆವರಿ ಬಾಟಲಕ್ಕನ ಬೆರಳ ಸಂದಿಗಳು ಬಿರಿದಿದ್ದವು. ವೈದ್ಯರು ಕೊಟ್ಟಿದ್ದು ಯಾವುದೂ ನಾಟಿರಲಿಲ್ಲ, ಈ ಮುಲಾಮು ಎರಡೇ ದಿನಕ್ಕೆ ಉರಿ ಇಳಿಸಿತು. ಅವತ್ತಿನಿಂದ ದಿನಾ ಬೆಳಿಗ್ಗೆ ಹಚ್ಚಿಕೊಂಡೇ ಹೊರಡುತ್ತಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಇನ್ನೊಂದು ಸಲ.

ಅವತ್ತು ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಟ್ಯೂಬನ್ನು ಗಂಡನ ಮುಂದೆ ಹಿಡಿದಳು. ಬಸ್ ಡ್ರೈವರ್ ಆದ ಆತ ಆಗತಾನೇ ಡ್ಯೂಟಿ ಮುಗಿಸಿ ಕೂತಿದ್ದ.

"ರೀ, ಇದರಲ್ಲಿ ಏನೇನಿದೆ ಓದಿ."

"ಇರುವೆ ಬರೆದ ಹಾಗಿದೆಯಲ್ಲೇ" ಎನ್ನುತ್ತ ಆತ ಕನ್ನಡಕ ಏರಿಸಿ ಓದಿದ. "ಜಿಂಕ್ ಆಕ್ಸೈಡು, ಅದೆಂಥದೋ ಮೇಣ... ಯಾಕೆ, ಕೈ ಉರೀತಿದೆಯಾ?"

"ಇಲ್ಲ" ಎಂದವಳೇ ಒಳಗೆ ಹೋಗಿ, ಅಟ್ಟದ ಮೇಲಿನ ಪಾತ್ರೆಗಳನ್ನೆಲ್ಲ ಇಳಿಸಿ ತೊಳೆಯತೊಡಗಿದಳು. ಇವಳಿಗೇನಾಯಿತು ಎಂದು ಅತ್ತೆ ಮಗನ ಮುಖ ನೋಡಿದರು. ಅವನು ಭುಜ ಹಾರಿಸಿದ.

ಎಲ್ಲಿ ತಪ್ಪಾಯಿತು ಎಂದು ಅವಳಿಗೆ ಆಗಲೇ ಹೊಳೆದಿತ್ತು. ಮುಲಾಮಿನ ಕೈಯಲ್ಲಿ ಕೈಗವಸು ಎಳೆದುಕೊಳ್ಳುವಾಗ ಬೆರಳು ಅದರ ಹೊರಮೈಗೂ ತಾಗುತ್ತಿತ್ತು. ಅದೇ ಕೈಗವಸಿನಲ್ಲಿ ಮುಚ್ಚಳ ಬಿಗಿಯುತ್ತಿದ್ದಳು. ಒಂದಕ್ಕೆ ತಾಗಿತು, ಇನ್ನೊಂದಕ್ಕಿಲ್ಲ. ಕಂತಿಗೊಂದೇ ಖಾಲಿ ಬಾಟಲಿ. ಖಾಲಿಗೆಂದು ಅವಳು ಮುಲಾಮಿಗೂ ಮುಂಚೆಯೇ ತೊಳೆದಿಟ್ಟಿದ್ದವು ಆರು ವಾರ ಬಂದು, ಈ ವಾರವಷ್ಟೇ ಮುಗಿದಿದ್ದವು.

ಶುಕ್ರವಾರದಿಂದ ಮುಲಾಮು ಬಿಟ್ಟಳು. ಖಾಲಿ ಬಾಟಲಿಯೂ ನಿಜವಾಗಿ ಖಾಲಿಯಾಯಿತು. ಅದೇ ದಿನ ನೀರಿಗೆ ಹೊಸ ಫಿಲ್ಟರ್ ಹಾಕಿದ್ದರಿಂದ ಎಲ್ಲರೂ ಅದನ್ನೇ ಹೊಗಳಿದರು. "ಹಳೇ ಫಿಲ್ಟರ್ ಈ ವಾರಾನೇ ಕೆಟ್ಟಿರೋದು. ಈ ವಾರದ್ದು ಬಿಸಾಕಿದ್ರೆ ಸಾಕು, ಹಿಂದಿನದಕ್ಕೆ ಏನೂ ತೊಂದರೆಯಿಲ್ಲ" ಎಂದು ಚಿಕ್ಕ ಮೇಡಂ ಎಲ್ಲರಿಗೂ ಚಾಕೊಲೇಟ್ ಹಂಚಿದಳು. ಬಾಟಲಕ್ಕನಿಗೆ ಎರಡು ಕೊಟ್ಟಳು. "ನೀವು ತುಂಬ ಸುಸ್ತಾಗಿದೀರ ಅಕ್ಕ."

ಶನಿವಾರ ಅವಳು ಬಸ್ಸಿನಿಂದ ಬೇರೆ ಯಾವುದೋ ಸ್ಟಾಪಿನಲ್ಲಿ ಇಳಿದು, ಎಲ್ಲಿದ್ದೇನೆ ಎಂದು ತಿಳಿಯದೆ ನಿಂತಳು. ಭಾನುವಾರ ಮಗಳು ಫೋನ್ ಮಾಡಿ ಮೊಮ್ಮಗಳ ಕೇಕೆ ಕೇಳಿಸಿದಾಗ ಅವಳಿಗೆ ಕೇಳಿಸಿದ್ದು ಆಸ್ಪತ್ರೆಯ ಕೂಸುಗಳು. ಯಾವ ಕೂಸಿಗೆ ಜಿಂಕ್ ಇಲ್ಲವೋ ಅದಕ್ಕೂ ಇದೆ ಎಂದು ಬರೆದಾಗಿತ್ತು. ಹೇಳಿದರೆ ಕೆಲಸ ಹೋಗಬಹುದು. ಅದಕ್ಕಿಂತ, 'ಅಕ್ಕನ ಕೆಲಸದ ಬಗ್ಗೆ ಮಾತಾಡಬೇಡಿ' ಎಂದವಳ ಮುಖವನ್ನು ಹೇಗೆ ನೋಡುವುದು? ಮುಲಾಮೇ ಅಲ್ಲದಿರಬಹುದು, ಫಿಲ್ಟರೇ ಇರಬಹುದು ಎಂದು ತನಗೆ ತಾನೇ ಹತ್ತು ಸಲ ಹೇಳಿಕೊಂಡಳು. ನಿಂತಲ್ಲಿ ನಿಲ್ಲಲಾಗಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಒರೆಸಿದಳು. "ನನ್ನನ್ನೂ ಒರೆಸಿ ಗೂಟಕ್ಕೆ ನೇತುಹಾಕಿಬಿಡು" ಎಂದರು ಅತ್ತೆ.

ಸೋಮವಾರ ಹೋದವಳೇ ಚೀಲದಿಂದ ಟ್ಯೂಬ್ ತೆಗೆದಳು. ಹತ್ತು ಬಾಟಲಿಗಳನ್ನು ಬರಿಗೈಗೆ ಕೈಗವಸು ಹಾಕಿ ಮುಚ್ಚಿದಳು. ಆಮೇಲೆ ಮುಲಾಮು ಹಚ್ಚಿ, ಮೊದಲಿನಂತೆಯೇ ಕೈಗವಸು ಎಳೆದುಕೊಂಡು ಇನ್ನೂ ಹತ್ತನ್ನು ಮುಚ್ಚಿದಳು. ಎಲ್ಲಕ್ಕೂ ಅದೇ ಹೊಸ ಫಿಲ್ಟರಿನ ನೀರು. ಎರಡನೆಯ ಹತ್ತರ ತಳಕ್ಕೆ ಪೆನ್ಸಿಲಿನಿಂದ ಗೀರು ಹಾಕಿ, ಇಪ್ಪತ್ತನ್ನೂ ಚಿಕ್ಕ ಮೇಡಂ ಮುಂದಿಟ್ಟಳು.

"ಇವನ್ನ ಯಂತ್ರಕ್ಕೆ ಕೊಡಿ ಮೇಡಂ. ಬರೀ ನೀರು."

"ಯಾಕಕ್ಕ? ಸಮಸ್ಯೆ ಮುಗೀತಲ್ಲ."

"ಕೊಡಿ. ಆಮೇಲೆ ಹೇಳ್ತೀನಿ."

ಒಂದೂವರೆ ಗಂಟೆ ಹಿಡಿಯಿತು. ಬಾಟಲಕ್ಕ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದಳು. ಒಳಗಿನಿಂದ ಕರೆ ಬಂದಾಗ ಪರದೆಯ ಮೇಲೆ ಇಪ್ಪತ್ತು ಗೆರೆಗಳಿದ್ದವು. ಹದಿಮೂರು ನೆಲಕ್ಕಂಟಿಕೊಂಡಿದ್ದವು, ಏಳು ತಲೆ ಎತ್ತಿದ್ದವು. ಆ ಏಳೂ ಗೀರು ಹಾಕಿದವು.

"ಈ ಹತ್ತಕ್ಕೆ ಏನು ಮಾಡಿದ್ರಿ?" ಚಿಕ್ಕ ಮೇಡಂ ಕೇಳಿದಳು.

ಬಾಟಲಕ್ಕ ಟ್ಯೂಬನ್ನು ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿದಳು.

"ಯಾವತ್ತಿಂದ ಹಚ್ತಿದೀರ?"

"ಮಗಳು ಹೋದ ಮಾರನೇ ದಿನದಿಂದ. ಆರು ವಾರ ಆಯ್ತು."

"ನಿಮಗೆ ಯಾವಾಗ ಗೊತ್ತಾಯ್ತು?"

"ಗುರುವಾರ."

ಚಿಕ್ಕ ಮೇಡಂ ಟ್ಯೂಬನ್ನು ಆಚೆ ಸರಿಸಿದಳು. "ಗುರುವಾರ ಗೊತ್ತಾಗಿ, ಶುಕ್ರವಾರ ನನ್ನ ಕೈಯಿಂದ ಚಾಕೊಲೇಟ್ ಇಸ್ಕೊಂಡ್ರಿ."

"ಹೌದು."

"ಹೋಗಿ ಅಕ್ಕ. ಈಗ ನನ್ನ ಎದುರಿಗೆ ಇರಬೇಡಿ."

ದೊಡ್ಡ ಮೇಡಂ ಮಧ್ಯಾಹ್ನ ಕರೆಸಿದರು. ಬೈಯಲಿಲ್ಲ, ಸಮಾಧಾನದ ಮಾತನ್ನೂ ಆಡಲಿಲ್ಲ. ಇಪ್ಪತ್ತು ಬಾಟಲಿ ಹೇಗೆ ಮಾಡಿದಿರಿ ಎಂದು ಮೂರು ಸಲ ಹೇಳಿಸಿ ಬರೆದುಕೊಂಡರು. "ನಾಳೆಯಿಂದ ಕಂತಿಗೆ ಐದು ಖಾಲಿ ಇಡೋಣ. ಒಂದೇ ಇಟ್ಟಿದ್ದು ನನ್ನ ತಪ್ಪು" ಎಂದರು. ಹೊರಡುವಾಗ, "ನಾಲ್ಕು ದಿನ ಸುಮ್ಮನಿದ್ದದ್ದು ನಿಮ್ಮ ತಪ್ಪು" ಎಂದರು.

ಇನ್ನೂರ ಹನ್ನೆರಡು ಕೂಸುಗಳ ಲೆಕ್ಕ ಹೋಯಿತು. ಹನಿಯೆಲ್ಲ ಯಂತ್ರದಲ್ಲಿ ಉರಿದುಹೋಗಿದ್ದರಿಂದ ಮತ್ತೆ ಅಳೆಯಲು ಏನೂ ಉಳಿದಿರಲಿಲ್ಲ. ಚಿಕ್ಕ ಮೇಡಂ ಸಭೆಗೆ ಹೋಗಲಿಲ್ಲ. ತಾಯಂದಿರನ್ನು ಒಬ್ಬೊಬ್ಬರನ್ನಾಗಿ ಹುಡುಕಿ, ಇನ್ನೊಂದು ಸಲ ಮಗುವಿಗೆ ಸೂಜಿ ಚುಚ್ಚಲು ಒಪ್ಪಿಸಬೇಕಾಯಿತು. ನೂರ ನಲವತ್ತು ಜನ ಒಪ್ಪಿದರು, ಉಳಿದವರು ಬಾಗಿಲು ಹಾಕಿಕೊಂಡರು, ಇಲ್ಲವೇ ಸಿಗಲೇ ಇಲ್ಲ. ಅಷ್ಟೂ ಬಾಟಲಿಗಳನ್ನು ಬಾಟಲಕ್ಕನೇ ತೊಳೆದಳು. ಬೆರಳ ಸಂದಿ ಬಿರಿದು ರಕ್ತ ಬಂದರೂ ಏನೂ ಹಚ್ಚಲಿಲ್ಲ. ಕೊನೆಗೆ ದೊಡ್ಡ ಮೇಡಮ್ಮೇ ಕೈಗವಸಿನೊಳಗೆ ಹಾಕಿಕೊಳ್ಳುವ ಹತ್ತಿಯ ತೆಳು ಗವಸು ತರಿಸಿಕೊಟ್ಟರು.

ಈ ಸಲ ಹನ್ನೊಂದು ಕೂಸುಗಳಿಗೆ ಜಿಂಕ್ ಕಡಿಮೆಯಿತ್ತು. ಹನ್ನೊಂದೂ ಮೊದಲ ಪಟ್ಟಿಯಲ್ಲಿ ಚೆನ್ನಾಗಿವೆ ಎಂದು ಬರೆಸಿಕೊಂಡಿದ್ದವು. ಅವಕ್ಕೆ ಔಷಧಿ ಶುರುವಾಯಿತು. ಒಪ್ಪದವರ ಮನೆಯಲ್ಲಿ ಇನ್ನೆಷ್ಟಿದ್ದವೋ ಯಾರಿಗೂ ತಿಳಿಯಲಿಲ್ಲ. ಅದೊಂದು ಮಾತು ಬಾಟಲಕ್ಕನನ್ನು ಬಿಡಲೇ ಇಲ್ಲ. ಬಸ್ಸಿನಲ್ಲಿ ಸಣಕಲು ಮಗುವನ್ನು ಎತ್ತಿಕೊಂಡ ಹೆಂಗಸು ಕಂಡರೆ, ಯಾವ ಆಸ್ಪತ್ರೆಯಲ್ಲಿ ಹೆರಿಗೆಯಾಯಿತಮ್ಮ ಎಂದು ಕೇಳಿಬಿಡುತ್ತಿದ್ದಳು.

ಒಂದು ವರ್ಷದ ಮೇಲೆ ಲೇಖನ ಅಚ್ಚಾಯಿತು. ಅದರಲ್ಲಿ ಬಾಟಲಿ ತೊಳೆಯುವವರ ಚರ್ಮದ ಮುಲಾಮಿನ ಬಗ್ಗೆ ಅರ್ಧ ಪುಟವಿತ್ತು. "ನಿನ್ನ ಮುಲಾಮು ಪ್ರಪಂಚಕ್ಕೆಲ್ಲ ಗೊತ್ತಾಯ್ತು, ನಿನ್ನ ಹೆಸರು ಮಾತ್ರ ಬರಲಿಲ್ಲ" ಎಂದ ಗಂಡ.

"ಸದ್ಯ, ಬರಲಿಲ್ಲ" ಎಂದಳು.

ಚಿಕ್ಕ ಮೇಡಂ ಅಷ್ಟು ದಿನವೂ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಆಮೇಲೆ ಬೇರೆ ಊರಿನಲ್ಲಿ ತನ್ನದೇ ಪ್ರಯೋಗಾಲಯ ಸಿಕ್ಕಿ ಹೊರಟುಹೋದಳು. ಆರು ತಿಂಗಳು ಕಳೆದು ಒಂದು ಮಧ್ಯಾಹ್ನ ಫೋನ್ ಮಾಡಿದಳು.

"ಅಕ್ಕ, ಇಲ್ಲಿ ಖಾಲಿಯಲ್ಲಿ ತಾಮ್ರ ಬರ್ತಿದೆ. ಮೂರು ವಾರದಿಂದ ಹುಡುಕ್ತಿದೀನಿ. ಎರಡು ದಿನ ಬಂದು ಹೋಗ್ತೀರಾ?"

"ಇನ್ನೂ ಕೋಪ ಇದೆಯಾ ಮೇಡಂ?"

"ಇದೆ. ಬನ್ನಿ."

ಬಾಟಲಕ್ಕ ಫೋನ್ ಇಟ್ಟವಳೇ ರಜೆ ಕೇಳಲು ದೊಡ್ಡ ಮೇಡಂ ಕೋಣೆಯ ಕಡೆ ಹೊರಟಳು.