ಭೂಮಿ ಹೊಟ್ಟೆಯ ಬಾಯ್ಲರ್

ನಗೆಯಾಡಿ ಹೇಳಿದ ಒಂದು ಮಾತು ಹೇಳಿದವರನ್ನೇ ಮನೆಯಿಂದ ಎಬ್ಬಿಸಿದ್ದನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ.

ಹೋದ ವಾರ ನೆಂಟರನ್ನು ಬಿಡಲು ಮೌಳಂಗಿ ಕಡೆಯ ಒಂದು ಹೊಸ ರೆಸಾರ್ಟಿಗೆ ಹೋಗಿದ್ದೆ. ಕೋಣೆಯ ಮೂಲೆಯ ಜಾಲರಿಯಿಂದ ತಣ್ಣನೆ ಗಾಳಿ, ಅದರಲ್ಲಿ ಹಸಿಮಣ್ಣಿನ ವಾಸನೆ. ನೆಲದೊಳಗೆ ಪೈಪು ಹೂತಿದ್ದಾರಂತೆ, ಹೊಸ ತಂತ್ರಜ್ಞಾನವಂತೆ. ನನಗೆ ಆ ವಾಸನೆ ಬಹಳ ಹಳೆಯದು...

ಅಂಬೇವಾಡಿಯಲ್ಲಿ ನಮ್ಮ ಪಕ್ಕದ ಬಾಡಿಗೆ ಮನೆಯಲ್ಲಿ ಚಾಚಾ ಇದ್ದರು. ಮಿಲ್ಲಿನ ಬಾಯ್ಲರ್ ಮುಂದೆ ಆಯುಷ್ಯ ಕಳೆದು ನಿವೃತ್ತರಾದವರು. ಅವರ ಹೆಂಡತಿ ಚಾಚಿಗೆ ದಮ್ಮು. ಬೇಸಿಗೆ ಬಂದರೆ ಉಸಿರಿಗೇ ಕಷ್ಟ. ಮನೆ ಮಾಲೀಕನನ್ನು ಕೇಳಿಯೇ ಚಾಚಾ ಹಿತ್ತಲಲ್ಲಿ ಆಳವಾಗಿ ಅಗೆದು, ಉದ್ದನೆ ಪೈಪು ಹೂತು, ಒಂದು ತುದಿಯನ್ನು ಚಾಚಿಯ ಮಂಚದ ಪಕ್ಕಕ್ಕೆ ತಂದು ಸಣ್ಣ ಫ್ಯಾನ್ ಕೂರಿಸಿದರು. ಆ ಬೇಸಿಗೆ ಚಾಚಿ ನೆಮ್ಮದಿಯಾಗಿ ನಿದ್ದೆ ಮಾಡಿದರು.

"ಇದು ಹೆಂಗ್ರಿ ಚಾಚಾ?" ಎಂದು ಕೇಳಿದೆ.

"ಮ್ಯಾಲ ಬಿಸಲಿರಲಿ, ಚಳಿಯಿರಲಿ, ಅಷ್ಟು ಕೆಳಗಿನ ಮಣ್ಣಿಗೆ ಅದರ ಸುದ್ದೀನ ಇಲ್ಲ. ಅಲ್ಲಿ ಯಾವಾಗಲೂ ಒಂದ ಹದ. ಗಾಳಿ ತನ್ನ ಬಿಸಿ ಮಣ್ಣಿಗೆ ಕೊಟ್ಟು ಬರ್ತೈತಿ. ಇನ್ನೂ ಭಾಳ ಆಳಕ್ಕ ಹೋದ್ರ ಕಲ್ಲು ಕಾದಿರ್ತಾವ. ಕೆಲವು ದೇಶದಾಗ ಅಲ್ಲಿಂದ ಉಗಿ ತಗದು, ಟರ್ಬೈನ್ ತಿರುಗಿಸಿ ಕರೆಂಟ್ ಮಾಡ್ತಾರ." ಆಮೇಲೆ ನಕ್ಕರು. "ಭೂಮಿ ಹೊಟ್ಟ್ಯಾಗೂ ಒಂದು ಬಾಯ್ಲರ್ ಐತಿ ನೋಡಪಾ. ಅದಕ್ಕ ರಿಟೈರ್‌ಮೆಂಟ್ ಇಲ್ಲ."

"ಮಾಲಕರ ಮುಂದ ಅನಬ್ಯಾಡ್ರಿ, ಅದರ ಬಾಡಿಗೀನೂ ಕೇಳ್ಯಾರು," ಎಂದರು ಚಾಚಿ ಒಳಗಿನಿಂದ.

ಮಾತು ಚಹಾ ಅಂಗಡಿಗೆ ಹೋಯಿತು. ಅಲ್ಲಿ ಬಾಯ್ಲರ್ ಬಿಸಿನೀರಿನ ಬುಗ್ಗೆಯಾಯಿತು. ಮಾಲೀಕನ ಕಿವಿ ಮುಟ್ಟುವಷ್ಟರಲ್ಲಿ ಆ ನೀರಿಗೆ ಮಂಡಿನೋವು ವಾಸಿಯಾಗುತ್ತಿತ್ತು.

"ಸಾಹೇಬ್ರ, ಚ್ಯಾಷ್ಟಿಗಿ ಅಂದಿದ್ದೆ. ಇಲ್ಲಿರೂದು ತಂಪು," ಎಂದು ಚಾಚಾ ಎಷ್ಟು ಹೇಳಿದರೂ ಅವನು ಕೇಳಲಿಲ್ಲ.

"ಜೀವನಾ ಪೂರಾ ಬಾಯ್ಲರ್ ನೋಡಿದವ್ರು ನೀವು. ನೀವ ಐತಿ ಅಂದ ಮ್ಯಾಲೆ ಇರಲೇಬೇಕಲ್ರಿ?"

ಬಿಸಿನೀರಿನ ಸ್ನಾನಗೃಹ ಕಟ್ಟುವ ಆಸೆಗೆ ಮನೆ ಖಾಲಿ ಮಾಡಿಸಿದ. ಬೋರ್ ಹೊಡೆಸಿದ. ನಮ್ಮೆಲ್ಲರ ನಲ್ಲಿಯಲ್ಲಿ ಬರುವಂಥದೇ ತಣ್ಣೀರು ಬಂತು. ಅಷ್ಟರಲ್ಲಿ ಚಾಚಾ ಹೂತಿದ್ದ ಪೈಪು ಒಡೆದು ಚೂರಾಗಿತ್ತು.

ಚಾಚಾ, ಚಾಚಿ ಹಳಿಯಾಳದಲ್ಲಿ ತಗಡಿನ ಒಂದೇ ಕೋಣೆಗೆ ಹೋದರು. ಮುಂದಿನ ಬೇಸಿಗೆಯನ್ನು ಚಾಚಿ ದಾಟಲಿಲ್ಲ. ಮಣ್ಣು ಕೊಟ್ಟು ಬಂದ ಮೇಲೆ ಚಾಚಾ ನನ್ನ ಕೈ ಹಿಡಿದು ಹೇಳಿದ್ದು ಇಷ್ಟೇ: "ಚ್ಯಾಷ್ಟಿ ಮಾಡೂದು ಬಿಟ್ಟೇನಪಾ."

ಈಗ ಚಾಚಾ ಕೂಡ ಇಲ್ಲ. ಆ ಮಾಲೀಕ ಮಾತ್ರ ಇವತ್ತಿಗೂ ಸಿಕ್ಕಲ್ಲೆಲ್ಲ, ಸುಳ್ಳು ಹೇಳಿದ ಮುದುಕನಿಂದ ತನಗೆ ಲುಕ್ಸಾನಾಯಿತು ಎನ್ನುತ್ತಾನೆ. ಜನ ಹೌದೆಂದು ತಲೆಯಾಡಿಸುತ್ತಾರೆ.

ನಿಮ್ಮ ಓಣಿಯಲ್ಲೂ ಹೀಗೆ ಯಾರದಾದರೂ ಮಾತು ಅವರಿಗೇ ಮುಳುವಾಗಿದ್ದರೆ ಕೆಳಗೆ ಬರೆಯಿರಿ. ಹೆಸರು ಬೇಡ. ಅವರು ನಿಜವಾಗಿ ಏನು ಹೇಳಿದ್ದರು, ಅದನ್ನು ಬರೆಯಿರಿ.